ಐದನೆಯ ತಂದೆ

ಬೆಟ್ಟದ ಕಣಿವೆದಾರಿಯಲ್ಲಿ ಹಿಮ ಬಿದ್ದಿದೆಯಂತೆ ಎಂದು ಯಾರಾದರೂ ಬಂದು ಹೇಳಿದರೆ, ಅಕ್-ಬುಲುಂಗ್ ಊರಿನವರೆಲ್ಲ ಕುರಿ ಹೊಡೆದುಕೊಂಡು ಬರಲು ಓಡುತ್ತಾರೆ. ಉಮ್ಸುನಾಯ್ ಮಾತ್ರ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಕೂತಲ್ಲೇ ಕೇಳುತ್ತಾಳೆ: "ನೀನೇ ಕಣ್ಣಾರೆ ಕಂಡ್ಯಾ, ಇಲ್ಲಾ ಯಾರೋ ಹೇಳಿದ್ದಾ? ಹೇಳ್ದೋನು ಎಲ್ಲಿ ನಿಂತ್ಕೊಂಡು ಕಂಡ? ಹಿಮ ಬಿದ್ರೆ ಅವನಿಗೇನು ಲಾಭ?" ಅಷ್ಟು ಹೊತ್ತಿಗೆ ಹಿಮ ಮನೆ ಬಾಗಿಲಿಗೇ ಬಂದಿರುತ್ತದೆ, ಆ ಮಾತು ಬೇರೆ.

ಮೂವತ್ತಾರು ವರ್ಷ ಅದೇ ಊರಿನ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು ಅವಳು. ಊರಿನ ಅರ್ಧ ಜನ ಅವಳ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು, ಇನ್ನರ್ಧ ಅಂಥವರ ಅಪ್ಪ ಅಮ್ಮಂದಿರು. ಎಲ್ಲರಿಗೂ ಅವಳು ಉಮ್ಸುನಾಯ್ ಎಜೆ, ಅಂದರೆ ಅಕ್ಕ. ಎದುರಿಗೆ ಎಜೆ, ಬೆನ್ನ ಹಿಂದೆ 'ಪೊಲೀಸಮ್ಮ'. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಅಂಥವಳ ಮನೆಗೇ ಆ ಶರತ್ಕಾಲದಲ್ಲಿ ಕೆಂಪು ರಟ್ಟಿನ ಪುಸ್ತಕವೊಂದು ಬಂದು ಬೆಂಕಿ ಹಚ್ಚಿತು.

ಮೊಮ್ಮಗಳು ಐಜಾರ್ಕಿನ್ ಬಿಷ್ಕೆಕ್‌ನಲ್ಲಿ ನರ್ಸಿಂಗ್ ಓದುವಾಗ ಎಲ್ದಿಯಾರ್ ಎಂಬ ದನದ ಡಾಕ್ಟರನನ್ನು ಮೆಚ್ಚಿದ್ದಳು. ಹುಡುಗ ಕಣಿವೆಯ ಆಚೆ ಸೀಮೆಯವನು, ಒಳ್ಳೆಯವನು, ಕುಡಿತವಿಲ್ಲ. ಅವನ ತಾತ ಮಾಂಬೆತ್‌ಕಾಜಿ ಎಂಬತ್ತರ ಹತ್ತಿರದ ಮುದುಕ. ಊರ ಹಿರಿಯ ಎಂದು ಎಲ್ಲರೂ ಅಕ್ಸಕಾಲ್ ಎನ್ನುತ್ತಿದ್ದರು. ಹುಡುಗಿಯ ಕಿವಿಗೆ ಓಲೆ ಹಾಕಿ ಸಂಬಂಧ ಗಟ್ಟಿಮಾಡಿಕೊಂಡು ಹೋಗಲು ಅವನೇ ನಾಲ್ಕು ಜನರನ್ನು ಕಟ್ಟಿಕೊಂಡು ಬಂದಿದ್ದ. ಕುರಿ ಕೊಯ್ದಾಗಿತ್ತು, ಬೊರ್ಸೊಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದು ಮೇಜಿನ ತುಂಬ ಸುರಿದಾಗಿತ್ತು, ಕುದುರೆ ಹಾಲಿನ ಕುಮಿಸ್ ಬಟ್ಟಲುಗಳು ಒಂದು ಸುತ್ತು ಮುಗಿಸಿದ್ದವು.

"ಓಲೆ ಹಾಕೋಕೆ ಮುಂಚೆ ಏಳು ತಂದೆಯರ ಹೆಸರು ಹೇಳಿಬಿಡಪ್ಪ," ಎಂದ ಮಾಂಬೆತ್‌ಕಾಜಿ ಹುಡುಗಿಯ ಅಪ್ಪನಿಗೆ, "ಶಾಸ್ತ್ರ ಶಾಸ್ತ್ರವೇ."

ಗಂಡಿನ ಕಡೆಗೂ ಹೆಣ್ಣಿನ ಕಡೆಗೂ ಏಳು ತಲೆಯವರೆಗೆ ಒಬ್ಬನೇ ತಂದೆ ಸಿಗಬಾರದು. ಸಿಕ್ಕರೆ ಅವರಿಬ್ಬರೂ ಅಣ್ಣ ತಂಗಿ, ಮದುವೆಯ ಮಾತೇ ಇಲ್ಲ. ಉಮ್ಸುನಾಯ್‌ಳ ಮಗ ತಲಾಂತ್ ಎದೆ ಸೆಟೆಸಿಕೊಂಡು ಶುರುಮಾಡಿದ. "ಹುಡುಗಿ ತಂದೆ ನಾನು, ತಲಾಂತ್. ನನ್ನಪ್ಪ ಸಾದಿರ್. ಅವರಪ್ಪ ಕಿದಿರ್. ಅವರಪ್ಪ ಓರ್ಮೊನ್. ಅವರಪ್ಪ ತೊಕೊಷ್..."

"ನಿಲ್ಲು," ಎಂದ ಮುದುಕ. "ಓರ್ಮೊನ್? ಹೆಂಡತಿ ಬೆರ್ಮೆತ್?"

"ಹೌದು."

ಮಾಂಬೆತ್‌ಕಾಜಿ ಕೈಚೀಲದಿಂದ ಕೆಂಪು ಪುಸ್ತಕ ತೆಗೆದ. ಅವನ ಅಪ್ಪ ಜಂಗಾರಾಚ್ ಸಂಗ್ರಹಿಸಿ ತೊಂಬತ್ತನಾಲ್ಕರಲ್ಲಿ ಅಚ್ಚು ಹಾಕಿಸಿದ ವಂಶಾವಳಿ. ಕಣ್ಣಿಗೆ ಹತ್ತಿರ ಹಿಡಿದು, ಬೆರಳಿಟ್ಟು ಓದಿದ: "ಬೋರೊನ್‌ಬಾಯ್‌ಗೆ ಇಬ್ಬರು ಮಕ್ಕಳು, ಜುಮಾಗುಲ್ ಮತ್ತು ಓರ್ಮೊನ್. ಓರ್ಮೊನ್ ಹೆಂಡತಿ ಬೆರ್ಮೆತ್ ಮತ್ತು ಮಗ ಕಿದಿರ್ ಜೊತೆ ಕಣಿವೆ ದಾಟಿ ಹೋದ." ಆಮೇಲೆ ತಲೆಯೆತ್ತಿ, "ಜುಮಾಗುಲ್ ನನ್ನ ತಾತ," ಎಂದ.

ಲೆಕ್ಕ ಹಾಕಲು ಯಾರಿಗೂ ಬೆರಳು ಬೇಕಾಗಲಿಲ್ಲ. ಹುಡುಗನಿಗೂ ಬೋರೊನ್‌ಬಾಯ್ ಐದನೆಯ ತಂದೆ, ಹುಡುಗಿಗೂ ಅವನೇ ಐದನೆಯ ತಂದೆ. ಮುದುಕ ಮೇಜಿನ ಮೇಲಿಟ್ಟಿದ್ದ ಓಲೆಗಳನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ ಒಳಜೇಬಿಗೆ ಇಟ್ಟುಕೊಂಡ. ಐಜಾರ್ಕಿನ್ ಬಾಗಿಲ ಹತ್ತಿರ ಚಹಾ ತಟ್ಟೆ ಹಿಡಿದು ನಿಂತಿದ್ದಳು, ತಟ್ಟೆ ಹಾಗೇ ಗಡಗಡ ಸದ್ದು ಮಾಡಿತು.

"ಅಕ್ಸಕಾಲ್, ಸ್ವಲ್ಪ ಇರಿ," ಎಂದಳು ಉಮ್ಸುನಾಯ್. "ಅಚ್ಚಾಗಿದ್ದೆಲ್ಲ ನಿಜ ಆಗ್ಬಿಡಲ್ಲ. ನಿಮ್ಮಪ್ಪನವರಿಗೆ ಇದನ್ನ ಯಾರು ಹೇಳಿದ್ದು?"

"ಹಿರಿಯರು ಹೇಳಿದ್ದು."

"ಯಾವ ಹಿರಿಯರು?"

"ನೋಡು ತಂಗಿ," ಮುದುಕನ ಮುಖ ಕೆಂಪಾಯಿತು, "ನಮ್ಮಪ್ಪ ಹುಟ್ಟಿದಾರಭ್ಯ ಸುಳ್ಳು ಹೇಳಿದವರಲ್ಲ."

"ಅವರು ಹೇಳಿದ್ರು ಅಂತ ನಾನು ಅಂದ್ನಾ? ಕೇಳಿದ್ದನ್ನ ಬರೆದವರು ಸುಳ್ಳು ಹೇಳ್ಬೇಕಾಗಿಲ್ಲ, ಕೇಳಿಸ್ಕೊಂಡ್ರೆ ಸಾಕು. ನನಗೆ ಒಂದು ತಿಂಗಳು ಟೈಮ್ ಕೊಡಿ. ಈ ಪುಸ್ತಕಾನೂ ಕೊಟ್ಟು ಹೋಗಿ."

ಮುದುಕ ಪುಸ್ತಕ ಮೇಜಿನ ಮೇಲಿಟ್ಟು, ಗಡ್ಡ ಸವರಿ ಎದ್ದು ಹೊರಟ. ಕುರಿಯ ಮಾಂಸ ಅರ್ಧಕ್ಕರ್ಧ ಹಾಗೇ ಉಳಿಯಿತು.

ಐಜಾರ್ಕಿನ್ ಮೂರು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಲ್ದಿಯಾರ್ ಫೋನ್ ಮಾಡಿ, ತಾತನ ಮಾತು ಮೀರಿ ಓಡಿಹೋಗುವುದು ತನ್ನಿಂದಾಗದು, ಬೇರೆ ಹುಡುಗಿಯನ್ನು ಕಟ್ಟಿಕೊಳ್ಳುವುದೂ ಆಗದು ಎಂದನಂತೆ. ಉಮ್ಸುನಾಯ್ ಬಟ್ಟಲಲ್ಲಿ ಸಾರು ಹಿಡಿದು ಹೋದರೆ ಅವಳು ತಿರುಗಲೇ ಇಲ್ಲ. "ಅಪಾ," ಎಂದಳು ಗೋಡೆಗೇ, ಅವರಲ್ಲಿ ಅಜ್ಜಿಗೂ ಅಪಾ ಎಂದೇ ಅನ್ನುವುದು, "ನೀನು ಎಲ್ಲರನ್ನೂ ಅನುಮಾನಿಸ್ತೀಯಲ್ಲ. ಈ ಪುಸ್ತಕಾನೂ ಅನುಮಾನಿಸು."

ಹೇಳಿಸಿಕೊಳ್ಳಬೇಕಾಗಿತ್ತೇ? ಉಮ್ಸುನಾಯ್‌ಗೆ ಅನುಮಾನ ಆಗಲೇ ಹೊಟ್ಟೆ ತುಂಬಿತ್ತು. ಮೊದಲ ಅನುಮಾನ ಮುದುಕನ ಮೇಲೇ. ಪಕ್ಕದ ಮನೆಯ ಕಾಲ್ಬೂಬು, ಊರಿನ ಸುದ್ದಿಗೆಲ್ಲ ಬೆಳಗಾಗುವುದರೊಳಗೆ ಕಾಲು ಕೊಡುವ ಹೆಂಗಸು, ಗೋಡೆಯಾಚೆಯಿಂದ ಕತ್ತು ಚಾಚಿ ಹೇಳಿದಳು: "ಆ ಮುದುಕನಿಗೆ ಮೊಮ್ಮಗನಿಗೆ ಪೇಟೆ ಡಾಕ್ಟರ್ ಮಗಳನ್ನ ತರೋ ಆಸೆ ಅಂತೆ ಕಣೇ ಎಜೆ! ಅದಕ್ಕೇ ಏನೋ ನೆಪ ಹುಡುಕ್ದ."

"ಅಂತೆ ಅಂದ್ಯಲ್ಲ, ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ."

"ಎಲ್ಲರೂ ಅಂದ್ರೆ ಯಾರೂ ಅಲ್ಲ," ಎಂದಳು ಉಮ್ಸುನಾಯ್. ಆದರೆ ಆ ಮಾತು ಮನಸ್ಸಿನಲ್ಲಿ ಕೂತೇಬಿಟ್ಟಿತು. ಬೇಕಾದ ಸುದ್ದಿ ಕೂರಲು ಜಾಗ ಕೇಳುವುದಿಲ್ಲ.

ಅವಳು ಪುಸ್ತಕ ಹಿಡಿದು ಕೂತಳು. ಮುನ್ನುಡಿಯಲ್ಲಿ ಜಂಗಾರಾಚ್ ಬರೆದುಕೊಂಡಿದ್ದ: 'ಇದರಲ್ಲಿರುವುದೆಲ್ಲ ಹಿರಿಯರಿಂದ ಕೇಳಿದ್ದು.' ಉಮ್ಸುನಾಯ್ ಅದರ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಳು. ಕೇಳಿದ್ದು! ನಡೆದು ಎಪ್ಪತ್ತು ವರ್ಷದ ಮೇಲೆ, ಯಾರಿಂದಲೋ ಯಾರೋ ಕೇಳಿ, ಮುದಿಗಣ್ಣಿನಲ್ಲಿ ಬರೆದದ್ದು. ಶಾಲೆಯಲ್ಲಿ ಇಂಥದ್ದನ್ನು ಯಾರಾದರೂ ಆಧಾರ ಎಂದು ತಂದಿದ್ದರೆ ಅವಳು ಎರಡು ಅಂಕವನ್ನೂ ಕೊಡುತ್ತಿರಲಿಲ್ಲ.

ಆದರೆ ಬೇರೆ ವಂಶಾವಳಿಗಳೂ ಅದನ್ನೇ ಹೇಳಿದರೆ? ಅದನ್ನೂ ನೋಡಿಬಿಡೋಣ ಎಂದು ಆಚೆ ಸೀಮೆಯ ಮೂರು ಮನೆಗಳಿಂದ ಮೂರು ವಂಶಾವಳಿ ತರಿಸಿದಳು. ಒಂದು ನಿವೃತ್ತ ಪೋಸ್ಟ್‌ಮಾಸ್ಟರನ ನೋಟುಬುಕ್ಕು, ಒಂದು ಹಳೆಯ ಪತ್ರಿಕೆಯ ಪುಟ, ಮೂರನೆಯದು ಯಾರೋ ಫೋನಿನಲ್ಲಿ ಹಂಚಿದ ಪಟ್ಟಿ. ಮೂರರಲ್ಲೂ ಓರ್ಮೊನ್ ಬೋರೊನ್‌ಬಾಯ್‌ನ ಮಗನೇ! ತಲಾಂತನ ಮುಖ ಜೋತುಬಿತ್ತು. "ನಾಲ್ಕು ನಾಲ್ಕು ಸಾಕ್ಷಿ ಅಮ್ಮ. ಇನ್ನೇನು ಉಳೀತು?"

"ನಾಲ್ಕಾ?" ಉಮ್ಸುನಾಯ್ ನಾಲ್ಕನ್ನೂ ಪಕ್ಕಪಕ್ಕ ಹರಡಿದಳು. "ಇಲ್ನೋಡು. ಯುದ್ಧದಲ್ಲಿ ಸತ್ತ ಈ ಅಬ್ದಿಕಾಲಿಕ್ ಕೆಂಪು ಪುಸ್ತಕದಲ್ಲಿ ತಪ್ಪಾಗಿ ಎರಡು ಕಡೆ ಇದಾನೆ, ಒಂದು ಸಲ ಅಣ್ಣನಾಗಿ, ಒಂದು ಸಲ ಮಗನಾಗಿ. ಈ ನೋಟುಬುಕ್ಕಲ್ಲೂ ಎರಡು ಸಲ. ಪೇಪರಲ್ಲೂ ಎರಡು ಸಲ. ಫೋನಲ್ಲೂ ಎರಡು ಸಲ. ಪರೀಕ್ಷೇಲಿ ನಾಲ್ಕು ಹುಡುಗರು ಒಂದೇ ತಪ್ಪು ಬರೆದ್ರೆ ನಾನೇನು ಅನ್ಕೋಬೇಕು?"

"ಒಬ್ಬನದನ್ನ ನೋಡಿ ಉಳಿದವರು ಬರೆದಿದಾರೆ ಅಂತ."

"ಹಾಂ! ನಾಲ್ಕು ಬಾಯಿ, ಆದ್ರೆ ಮಾತಾಡಿದ್ದು ಒಬ್ಬನೇ." ಅವಳಿಗೆ ಅಷ್ಟು ಖುಷಿಯಾಗಿ ಎಷ್ಟೋ ವರ್ಷವಾಗಿತ್ತು. ಅಂದು ರಾತ್ರಿಯ ಊಟಕ್ಕೆ ಐಜಾರ್ಕಿನ್ ಎದ್ದು ಬಂದು ಎರಡು ತುತ್ತು ತಿಂದಳು.

ಇನ್ನು ಬೇಕಾದದ್ದು ಆ ಕಾಲದ್ದೇ ಕಾಗದ. ಉಮ್ಸುನಾಯ್ ಬಸ್ಸು ಹತ್ತಿ ನರಿನ್ ಪೇಟೆಗೆ ಹೋದಳು. ದಸ್ತಾವೇಜು ಭಂಡಾರದ ಕಿಟಕಿಯಲ್ಲಿದ್ದ ಹೆಂಗಸು, "ಯಾರ ಹೆಸರು ಹುಡುಕ್ಬೇಕು ಎಜೆ?" ಎಂದಾಗ ಉಮ್ಸುನಾಯ್ ಬಾಯಿ ತೆರೆಯದೆ ಚೀಟಿಯ ಮೇಲೆ ಓರ್ಮೊನ್ ಎಂದು ಬರೆದು ಒಳಗೆ ತಳ್ಳಿದಳು. ಅವನು ಅವಳ ಗಂಡ ಸಾದಿರನ ತಾತ. ಮಾವ, ಮಾವನ ಅಪ್ಪ, ಅವರ ಮೇಲಿನವರು, ಇವರ ಹೆಸರು ಸೊಸೆಯ ಬಾಯಲ್ಲಿ ಬರುವಂತಿಲ್ಲ. ಇತಿಹಾಸ ಓದಿದವಳೇ ಇರಲಿ, ಕಮ್ಯುನಿಸ್ಟ್ ಪಾರ್ಟಿಯ ಕಾರ್ಡು ಇಟ್ಟುಕೊಂಡವಳೇ ಇರಲಿ, ನಲವತ್ತೈದು ವರ್ಷದಿಂದ ಆ ಹೆಸರುಗಳು ಅವಳ ನಾಲಿಗೆಯ ಮೇಲೆ ಬಂದಿರಲಿಲ್ಲ. ಕಿಟಕಿಯ ಹೆಂಗಸೂ ಯಾರದೋ ಮನೆಯ ಸೊಸೆಯೇ. ನಕ್ಕು ಚೀಟಿ ತೆಗೆದುಕೊಂಡಳು.

ಎರಡನೆಯ ದಿನ ಮಧ್ಯಾಹ್ನ ಧೂಳು ಹಿಡಿದ ಕಡತ ಮೇಜಿಗೆ ಬಂತು. ಸಾವಿರದ ಒಂಬೈನೂರ ಇಪ್ಪತ್ತಾರು, ಅಕ್-ಬುಲುಂಗ್, ಮನೆ ಪಟ್ಟಿ. ನೇರಳೆ ಶಾಯಿ. ಪುಟಕ್ಕೆ ಮೂರು ಮನೆ. ನಡುವಿನ ಮನೆಯ ಮೇಲೆ ಅವಳ ಕಣ್ಣು ನಿಂತಿತು:

'ಯಜಮಾನ: ಓರ್ಮೊನ್, ತೊಕೊಷನ ಮಗ. ನಲವತ್ತೊಂದು ವರ್ಷ. ಹೆಂಡತಿ ಬೆರ್ಮೆತ್. ಮಗ ಕಿದಿರ್, ಹನ್ನೊಂದು. ಯಜಮಾನ ಕುರಿ ಜೊತೆ ಬೇಸಿಗೆ ಹುಲ್ಲುಗಾವಲಿಗೆ ಹೋಗಿದ್ದಾನೆ. ಮಾಹಿತಿ ಹೇಳಿದವಳು: ಹೆಂಡತಿ. ಸಾಕ್ಷಿ: ನೆರೆಮನೆಯ ಕೋಜೊಗುಲ್, ಹೆಬ್ಬೆಟ್ಟು.'

ತೊಕೊಷನ ಮಗ! ಉಮ್ಸುನಾಯ್ ಫೋನ್ ತೆಗೆದು ಇಡೀ ಪುಟದ ಚಿತ್ರ ತೆಗೆದಳು. ಆತುರದಲ್ಲಿ ಮೊದಲ ಎರಡು ಕೆಟ್ಟವು, ಮೂರನೆಯದು ಸ್ಪಷ್ಟವಾಗಿ ಬಂತು. ಅದೇ ವರ್ಷ, ಅದೇ ಊರು, ಸ್ವಂತ ಹೆಂಡತಿಯ ಮಾತು. ಇದಕ್ಕಿಂತ ಹತ್ತಿರದ ಸಾಕ್ಷಿ ಯಾವ ಇತಿಹಾಸಕಾರನಿಗೆ ಸಿಗುತ್ತದೆ? ಹೊರಗೆ ಬಂದು ಬೀದಿಯಲ್ಲೇ ಮನೆಗೆ ಫೋನ್ ಮಾಡಿದಳು. ಆ ಕಡೆಯಿಂದ ಐಜಾರ್ಕಿನ್ ಕಿರುಚಿದ್ದು ದಾರಿಯಲ್ಲಿ ಸೂರ್ಯಕಾಂತಿ ಬೀಜ ಮಾರುತ್ತಿದ್ದವಳಿಗೂ ಕೇಳಿಸಿತು.

ಸುದ್ದಿ ಕಣಿವೆ ದಾಟಿ ಹೋಯಿತು. ಗುರುವಾರ ತಾನೇ ಬರುತ್ತೇನೆ, ಹಿರಿಯರ ಮುಂದೆ ಮಾತು ಇತ್ಯರ್ಥವಾಗಲಿ ಎಂದು ಮಾಂಬೆತ್‌ಕಾಜಿ ಹೇಳಿಕಳಿಸಿದ. ಮನೆಯಲ್ಲಿ ಮತ್ತೆ ಹಿಟ್ಟು ನಾದುವ ಸದ್ದು, ಐಜಾರ್ಕಿನ್‌ಳ ನಗು, ಸೊಸೆ ಬುರುಲ್‌ಳ ಓಡಾಟ. ಉಮ್ಸುನಾಯ್ ಹೊಟ್ಟೆಯೂ ತಣ್ಣಗಾಯಿತು. ಮಂಗಳವಾರದವರೆಗೆ.

ಮಂಗಳವಾರ ಬೆಳಗ್ಗೆ ಊರ ಆಡಳಿತ ಕಚೇರಿಯಿಂದ ಹೊಸ ಗುಮಾಸ್ತ ಬಂದ. ವರ್ಷಕ್ಕೊಮ್ಮೆ ಮನೆ ಪುಸ್ತಕ ತಿದ್ದಿಕೊಂಡು ಹೋಗುವ ಕೆಲಸ. ಪೇಟೆಯಿಂದ ಬಂದವನು, ಊರಿನ ಯಾರನ್ನೂ ಅರಿಯದವನು. ತಲಾಂತ್ ಹೊಲಕ್ಕೆ ಹೋಗಿದ್ದ. ಅಂಗಳದಲ್ಲಿ ಕೈತುಂಬ ಹಿಟ್ಟು ಮೆತ್ತಿಕೊಂಡಿದ್ದ ಬುರುಲ್‌ಳನ್ನೇ ಅವನು ನಿಲ್ಲಿಸಿ ಕೇಳಿದ. ಉಮ್ಸುನಾಯ್ ಒಳಗೆ ಕಿಟಕಿಯ ಹತ್ತಿರ ಚಹಾ ಕುಡಿಯುತ್ತಿದ್ದಳು.

"ಯಜಮಾನರ ಹೆಸರು?"

"ತಲಾಂತ್."

"ಅವರ ತಂದೆ ಹೆಸರು, ಹುಟ್ಟಿದ ವರ್ಷ?"

ಬುರುಲ್ ಕೆಂಪಾದಳು. "ಅಯ್ಯೋ, ಅದನ್ನ ನಾನು ಹೇಗೆ ಹೇಳ್ಲಿ?"

"ಯಾಕೆ, ಗೊತ್ತಿಲ್ವಾ?"

"ಗೊತ್ತಿಲ್ದೆ ಏನು? ಮಾವನವರ ಹೆಸರು! ಕಾಲ್ಬೂಬು ಎಜೇ, ಸ್ವಲ್ಪ ಹೇಳಿಬಿಡಿ ಇವರಿಗೆ!"

ಗೋಡೆಯಾಚೆ ತಲೆ ಆಗಲೇ ಸಿದ್ಧವಾಗಿತ್ತು. "ಸಾದಿರ್ ಕಣಪ್ಪಾ ಸಾದಿರ್! ಹುಟ್ಟಿದ್ದು ಮೂವತ್ತೊಂಬತ್ತು!"

ಮೂವತ್ತೊಂಬತ್ತಲ್ಲ, ನಲವತ್ತೊಂದು. ಕಾಲ್ಬೂಬುವಿನ ಗಂಡ ಮೂವತ್ತೊಂಬತ್ತರಲ್ಲಿ ಹುಟ್ಟಿದವನು, ಸಾದಿರ್ ತನ್ನ ಗಂಡನಿಗಿಂತ ಚಿಕ್ಕವನು ಎಂದು ಅವಳು ಯಾವತ್ತೂ ಒಪ್ಪಿದವಳಲ್ಲ, ಆ ಎರಡು ವರ್ಷಕ್ಕೂ ಹೊಟ್ಟೆಕಿಚ್ಚು. ಬುರುಲ್‌ಗೆ ಆ ತಪ್ಪು ಕೇಳಿಸಿತು, ಆದರೆ ಮಾವನ ವಿಷಯ ಮತ್ತೆ ಎತ್ತುವುದು ಹೇಗೆಂದು ತುಟಿ ಕಚ್ಚಿ ಸುಮ್ಮನಾದಳು. ಗುಮಾಸ್ತ ಬರೆದುಕೊಂಡ. ಕೆಳಗಿನ ಗೆರೆಯಲ್ಲಿ, ಬಾಯಲ್ಲಿ ಗುನುಗುತ್ತ, ಇದನ್ನೂ ಬರೆದ: "ಮಾಹಿತಿ ಹೇಳಿದವಳು, ಹೆಂಡತಿ ಬುರುಲ್."

ಉಮ್ಸುನಾಯ್ ಮೊದಲು ನಕ್ಕಳು. ಎದ್ದು ಹೋಗಿ ಗುಮಾಸ್ತನಿಗೆ ನಾಲ್ಕು ಬೈದು ತಿದ್ದಿಸಬೇಕೆಂದು ಬಟ್ಟಲು ಕೆಳಗಿಟ್ಟಳು. ಇಟ್ಟವಳು ಹಾಗೇ ಕೂತುಬಿಟ್ಟಳು.

ಬೆರ್ಮೆತ್ ಸೊಸೆ. ಓರ್ಮೊನ್‌ನ ತಂದೆ ಅವಳಿಗೆ ಮಾವ. ಆ ಹೆಸರನ್ನು ಅವಳು ಹೇಳಿರಲಾರಳು. ಸತ್ತರೂ ಹೇಳಿರಲಾರಳು! ಕಾಗದದ ಮೇಲೆ 'ಹೇಳಿದವಳು: ಹೆಂಡತಿ' ಎಂದಿದೆ. ಹೇಳಿದವನು ಬೇರೆ. ಅಲ್ಲೇ ಪಕ್ಕದಲ್ಲಿ ನಿಂತಿದ್ದವನು, ಹೆಬ್ಬೆಟ್ಟು ಒತ್ತಿದವನು.

ಅವಳು ಫೋನ್ ತೆಗೆದು ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದಳು. ನಡುವಿನ ಮನೆಯನ್ನು ನೂರು ಸಲ ಓದಿದ್ದಳು. ಮೇಲಿನ ಮನೆಯನ್ನು ಒಂದು ಸಲವೂ ಓದಿರಲಿಲ್ಲ, ಅದರಲ್ಲಿ ತನಗೆ ಬೇಕಾದ್ದು ಇಲ್ಲವೆಂದು. ಈಗ ಓದಿದಳು.

'ಯಜಮಾನ: ಕೋಜೊಗುಲ್, ತೊಕೊಷನ ಮಗ. ಮಾಹಿತಿ ಹೇಳಿದವನು: ತಾನೇ. ತೊಕೊಷನಿಗೆ ಗಂಡುಮಕ್ಕಳು ಮೂವರು, ಮೂವರೂ ಈ ಮನೆಯಲ್ಲೇ ವಾಸ. ಬೇರೆ ಅಣ್ಣತಮ್ಮಂದಿರು ಇಲ್ಲ.'

ಬೇರೆ ಅಣ್ಣತಮ್ಮಂದಿರು ಇಲ್ಲ! ತನ್ನ ಮನೆಯಲ್ಲಿ ನಿಂತು ಕೋಜೊಗುಲ್ ಹಾಗೆ ಬರೆಸಿದ್ದ. ಗಣತಿಯವನ ಜೊತೆ ಹೆಜ್ಜೆಹಾಕಿ ಪಕ್ಕದ ಮನೆಗೆ ಬರುವಷ್ಟರಲ್ಲಿ ತೊಕೊಷನಿಗೊಬ್ಬ ನಾಲ್ಕನೆಯ ಮಗ ಹುಟ್ಟಿಬಿಟ್ಟ. ಯಾಕೆ ಎಂದು ಹುಡುಕಲು ಉಮ್ಸುನಾಯ್ ದೂರ ಹೋಗಬೇಕಾಗಿರಲಿಲ್ಲ. ಆ ಕಾಲದಲ್ಲಿ ಬೇಸಿಗೆ ಹುಲ್ಲುಗಾವಲನ್ನು ಒಬ್ಬ ತಂದೆಯ ಮಕ್ಕಳಿಗೆ ಎಷ್ಟು ಮನೆ ಎಂದು ನೋಡಿ ಹಂಚುತ್ತಿದ್ದರೆಂದು ಊರ ಮುದುಕರ ಬಾಯಲ್ಲಿ ಅವಳೇ ಕೇಳಿದ್ದಳು. ಕೋಜೊಗುಲ್‌ಗೆ ಒಂದು ಮನೆ ಹೆಚ್ಚಾಯಿತು. ಕಣಿವೆ ದಾಟಿ ಬಂದ ಪರದೇಶಿ ಓರ್ಮೊನ್‌ನ ಕುರಿಗಳಿಗೆ ಹುಲ್ಲು ಸಿಕ್ಕಿತು. ಪಾಪ, ಬೆರ್ಮೆತ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರಬೇಕು. ಸುಳ್ಳು ಎಂದು ಹೇಳಬೇಕಾದರೂ ಅವಳು ಮಾವನ ನಿಜವಾದ ಹೆಸರನ್ನು ಎತ್ತಬೇಕಿತ್ತು.

ಆ ಕಾಲದ್ದೇ ಕಾಗದ, ಆ ಊರಿನದೇ ಶಾಯಿ, ಮತ್ತು ಹಸಿ ಸುಳ್ಳು. ಮುದುಕನ ಪುಸ್ತಕದಲ್ಲಿರುವುದೇ ನಿಜ.

ಇದು ಪ್ರಪಂಚದಲ್ಲಿ ಈಗ ತನ್ನೊಬ್ಬಳಿಗೇ ಗೊತ್ತು ಎಂಬುದು ಅವಳಿಗೆ ಹೊಳೆದದ್ದು ಆಮೇಲೆ.

ಎರಡು ದಿನ ಅವಳು ಮನೆಯಲ್ಲಿ ದೆವ್ವದ ಹಾಗೆ ತಿರುಗಿದಳು. ಯಾರು ಮಾತಾಡಿಸಿದರೂ ಸಿಡುಕು. ಮುದುಕನ ಮೇಲೆ, ಪುಸ್ತಕದ ಮೇಲೆ, ಪೋಸ್ಟ್‌ಮಾಸ್ಟರನ ನೋಟುಬುಕ್ಕಿನ ಮೇಲೆ ಅಷ್ಟೊಂದು ಅನುಮಾನಪಟ್ಟವಳು ತನ್ನ ಕೈಗೆ ಬಂದ ಕಾಗದವನ್ನು ಕಣ್ಣುಮುಚ್ಚಿ ನುಂಗಿದ್ದಳಲ್ಲ! ನಾಚಿಕೆ ಒಂದು ಕಡೆ. ಇನ್ನೊಂದು ಕಡೆ, ಐದು ತಲೆ ಹಿಂದಿನ ಒಬ್ಬ ಬೋರೊನ್‌ಬಾಯ್‌ಗಾಗಿ ಎರಡು ಮಕ್ಕಳ ಬಾಳು ಹಾಳಾಗಬೇಕೆ ಎಂಬ ಸಿಟ್ಟು. ಈ ನಿಯಮ ಮಾಡಿದವನು ಯಾರು, ಅವನನ್ನು ಕಂಡವರು ಯಾರು ಎಂದು ತನ್ನಷ್ಟಕ್ಕೇ ಜಗಳವಾಡಿದಳು.

ಬುಧವಾರ ಸಂಜೆ ಹಾಲು ಕರೆದು ಬರುತ್ತಿದ್ದ ಐಜಾರ್ಕಿನ್‌ಳನ್ನು ಕೊಟ್ಟಿಗೆಯ ಬಾಗಿಲಲ್ಲಿ ತಡೆದಳು.

"ಮಗಾ, ಒಂದು ಮಾತು. ಆ ಕಾಗದ..."

"ಏನು ಅಪಾ?"

"ಆ ಕಾಗದದಲ್ಲೂ ತಪ್ಪಿರಬಹುದು ಅಂತ ಯಾರಾದ್ರೂ ಅಂದ್ರೆ?"

ಐಜಾರ್ಕಿನ್ ಬಕೆಟ್ಟು ಕೆಳಗಿಟ್ಟು ಅವಳನ್ನು ತಬ್ಬಿಕೊಂಡಳು. ಮೈಯೆಲ್ಲ ಹಸುವಿನ ವಾಸನೆ. "ಯಾರು ಏನಾದ್ರೂ ಅನ್ಲಿ. ನೀನು ಸ್ವಂತ ನೆರಳನ್ನೂ ನಂಬದೋಳು. ನೀನೇ ನಂಬಿದೀಯ ಅಂದ್ಮೇಲೆ ನನಗಿನ್ನೇನು ಭಯ?"

ಉಮ್ಸುನಾಯ್ ಬಕೆಟ್ಟನ್ನು ತಾನೇ ಎತ್ತಿಕೊಂಡು ಒಳಗೆ ನಡೆದಳು.

ಗುರುವಾರ ಮಾಂಬೆತ್‌ಕಾಜಿ ಬಂದ. ಜೊತೆಗೆ ಆಚೆ ಸೀಮೆಯ ಇಬ್ಬರು ಮುದುಕರು. ಎಲ್ಲರೂ ಮೇಜಿನ ಸುತ್ತ ಕೂತರು, ಬುರುಲ್ ಚಹಾ ಸುರಿದಳು, ಐಜಾರ್ಕಿನ್ ಪಕ್ಕದ ಕೋಣೆಯಲ್ಲಿ ಬಾಗಿಲಿಗೆ ಕಿವಿ ಕೊಟ್ಟು ನಿಂತದ್ದು ಎಲ್ಲರಿಗೂ ಗೊತ್ತಿತ್ತು. ಉಮ್ಸುನಾಯ್ ಫೋನ್ ಮುಂದೆ ಚಾಚಿದಳು. ಮೇಲಿನ ಮನೆ ಕಾಣದಂತೆ ಚಿತ್ರವನ್ನು ಹಿಗ್ಗಿಸಿಟ್ಟಿದ್ದಳು, ಬೆಳಗ್ಗೆ ಎದ್ದವಳೇ ಆ ಕೆಲಸ ಮಾಡಿದ್ದಳು.

ಮುದುಕ ಫೋನನ್ನು ಮುಟ್ಟಲಿಲ್ಲ. "ನನ್ನ ಕಣ್ಣಿಗೆ ಇದೇನು ಕಾಣುತ್ತೆ ತಂಗಿ? ಕಾಗದ ಬೇಡ. ನೀನು ಎಂಥ ಹೆಂಗಸು ಅಂತ ನಾನು ಈ ಒಂದು ತಿಂಗಳು ಸುತ್ತಮುತ್ತಲೆಲ್ಲ ಕೇಳಿದೀನಿ. ನಂಬಿಸೋಕೆ ಕಷ್ಟ, ಸುಳ್ಳು ಹೇಳಿಸೋಕೆ ಇನ್ನೂ ಕಷ್ಟ ಅಂದ್ರು. ಅದಕ್ಕೇ ನಿನ್ನನ್ನೇ ಕೇಳ್ತೀನಿ. ಹೆಸರು ಹೇಳೋದು ಬೇಡ, ನೀನು ಈ ಮನೆ ಸೊಸೆ. ಓರ್ಮೊನ್ ತೊಕೊಷನ ಮಗ. ಹೌದೋ ಅಲ್ವೋ?"

ಬಾಗಿಲಾಚೆ ನೆಲಹಲಗೆ ಒಮ್ಮೆ ಕಿರ್ ಎಂದಿತು.

"ಹೌದು," ಎಂದಳು ಉಮ್ಸುನಾಯ್.

ಮುದುಕರಿಬ್ಬರೂ ಅಂಗೈಗಳನ್ನು ಮುಖಕ್ಕೆ ಸವರಿಕೊಂಡು ಓಮಿನ್, ಹಾಗೇ ಆಗಲಿ, ಎಂದರು. ಮಾಂಬೆತ್‌ಕಾಜಿ ನಕ್ಕ, ಬೊಚ್ಚುಬಾಯಿ ಪೂರ್ತಿ ಕಾಣುವ ಹಾಗೆ. "ನಿನಗೊಂದು ವಿಷಯ ಹೇಳ್ಲಾ? ನಾನು ಐದು ಹೊತ್ತೂ ನಮಾಜಲ್ಲಿ ಬೇಡ್ಕೊಂಡಿದ್ದೆ, ಈ ಪುಸ್ತಕ ಸುಳ್ಳಾಗ್ಲಿ ಅಂತ. ನಿಮ್ಮ ಹುಡುಗಿ ಆವತ್ತು ತಟ್ಟೆ ಹಿಡ್ಕೊಂಡು ನಿಂತಿದ್ದು ನನ್ನ ಕಣ್ಣಿಂದ ಹೋಗ್ಲೇ ಇಲ್ಲ."

ಹಾಗಾದರೆ ಪೇಟೆ ಡಾಕ್ಟರ ಮಗಳು? ಅದೆಲ್ಲ ಕಾಲ್ಬೂಬುವಿನ ಬಾಯಿ. ಈ ಮುದುಕ ತನಗೆ ಬೇಡವಾದ ನಿಜವನ್ನೇ ಎದುರಿಗಿಟ್ಟು ಹೋಗಿದ್ದವನು. ತನ್ನ ಆಸೆಗೆ ವಿರುದ್ಧವಾಗಿ ಸಾಕ್ಷಿ ಹೇಳುವವನನ್ನು ಮೊದಲು ನಂಬಿ ಎಂದು ಉಮ್ಸುನಾಯ್ ಮೂವತ್ತಾರು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದಳು. ಅವಳು ಚಹಾ ಬಟ್ಟಲನ್ನು ಕೆಳಗಿಟ್ಟಳು.

"ಆದ್ರೆ ಒಂದು ಕೊರೀತಿದೆ," ಎಂದ ಮುದುಕ. ನಗು ಹೋಗಿತ್ತು. "ನಮ್ಮಪ್ಪ ಬೇರೆಯವರ ವಿಷಯ ಎಲ್ಲ ಕೇಳಿ ಬರೆದಿದ್ದು, ನಿಜ. ಇದೊಂದು ಮಾತ್ರ ಕೇಳಿದ್ದಲ್ಲ ಅಂತಿದ್ರು. ಆಗ ಅವರಿಗೆ ಹದಿನೇಳು ವರ್ಷವಂತೆ. 'ಚಿಕ್ಕಪ್ಪ ಓರ್ಮೊನ್ ಹೊರಟಾಗ ಅವನ ಕುದುರೆ ಹಗ್ಗ ಹಿಡ್ಕೊಂಡು ಕಣಿವೆ ತುದಿ ತನಕ ನಾನೇ ನಡೆದಿದ್ದು, ಚಿಕ್ಕಮ್ಮ ಬೆರ್ಮೆತ್ ಅಲ್ಲಿ ನನ್ನ ಹಣೆಗೆ ಮುತ್ತಿಟ್ಟು ಅತ್ತಳು' ಅಂತ ನಮಗೆ ನೂರು ಸಲ ಹೇಳಿದಾರೆ. ಸಾಯೋ ಹಿಂದಿನ ವಾರಾನೂ ಹೇಳಿದ್ರು." ಅವನು ಅವಳ ಮುಖ ಹುಡುಕುತ್ತ ಕಣ್ಣು ಕಿರಿದು ಮಾಡಿದ. "ವಯಸ್ಸಾದ್ಮೇಲೆ ಅದೂ ಇದೂ ಕಲಸಿಹೋಗಿರ್ಬೇಕು. ಬೇರೆ ಯಾರದೋ ಕುದುರೆ ಇರ್ಬೇಕು. ಅಲ್ವಾ? ನೀನು ಓದಿದೋಳು, ನಿನಗೆ ಗೊತ್ತಿರುತ್ತೆ. ಹಾಗೂ ಆಗುತ್ತಲ್ವಾ?"

ಕಣ್ಣಾರೆ ಕಂಡವನು! ಎಲ್ಲ ಕಾಗದಗಳ ನಡುವೆ ಜಂಗಾರಾಚ್ ಒಬ್ಬನೇ ಕಂಡವನು. ಮುನ್ನುಡಿಯ ಒಂದು ಸಾಲಿಗೆ ಪೆನ್ಸಿಲ್ ಗೆರೆ ಎಳೆದು ಅವಳು ಅವನನ್ನು ಹೊರಗೆ ಹಾಕಿದ್ದಳು. ಈಗಲೂ ಹೇಳಬಹುದಿತ್ತು. ಒಂದೇ ಮಾತು.

"ಆಗುತ್ತೆ ಅಕ್ಸಕಾಲ್," ಎಂದಳು ಉಮ್ಸುನಾಯ್. "ವಯಸ್ಸಾದವರಿಗೆ ಹಾಗೆ ಆಗುತ್ತೆ."

ಮುದುಕ ಮುಖ ಆಚೆ ತಿರುಗಿಸಿ ತೋಳಿನಿಂದ ಕಣ್ಣು ಒರೆಸಿಕೊಂಡ. "ಪಾಪ ಅಪ್ಪ," ಎಂದ. "ಜನ ನಗೋ ಹಾಗಾಯ್ತು." ಉಳಿದಿಬ್ಬರೂ ಅವನ ಬೆನ್ನು ಸವರಿದರು.

ಆಮೇಲೆ ಅವನು ಮೇಜಿನ ಮೇಲಿದ್ದ ಕೆಂಪು ಪುಸ್ತಕವನ್ನು ಅವಳ ಮುಂದೆ ತೆರೆದಿಟ್ಟು, ಜೇಬಿನಿಂದ ಪೆನ್ನು ತೆಗೆದು ಕೊಟ್ಟ. "ನನ್ನ ಕೈ ನಡುಗುತ್ತೆ. ಬರೆಯೋಕೆ ನಿನಗೆ ಅಡ್ಡಿ ಇಲ್ವಲ್ಲ, ನೀನೇ ಹೊಡೆದುಹಾಕಿ ಸರಿಯಾದ್ದನ್ನ ಬರೆದುಬಿಡು. ಕೆಳಗೆ ನಿನ್ನ ಹೆಸರೂ ಹಾಕು. ಪೋಸ್ಟ್‌ಮಾಸ್ಟರನಿಗೂ ಉಳಿದವರಿಗೂ ಇದನ್ನೇ ನಕಲು ಮಾಡ್ಕೊಳ್ಳಿ ಅಂತ ಹೇಳ್ತೀನಿ."

ಪಕ್ಕದ ಕೋಣೆಯ ಬಾಗಿಲು ತೆರೆದುಕೊಂಡಿತು. ಐಜಾರ್ಕಿನ್ ಕಣ್ಣು ಮೂಗು ಎಲ್ಲ ಒದ್ದೆ ಮಾಡಿಕೊಂಡು, ನಗುತ್ತ, ಹೊಸ್ತಿಲಲ್ಲೇ ನಿಂತಿದ್ದಳು.

ಉಮ್ಸುನಾಯ್ ಅವಳನ್ನು ಒಮ್ಮೆ ನೋಡಿದಳು. ಜಂಗಾರಾಚ್‌ನ ಸಾಲಿನ ಮೇಲೆ ಗೆರೆ ಎಳೆದಳು. ಅಂಚಿನಲ್ಲಿ ಬರೆದಳು: 'ಓರ್ಮೊನ್, ತೊಕೊಷನ ಮಗ. ಹಿಂದಿನದು ತಪ್ಪು. ಮೂಲ ದಾಖಲೆ ನೋಡಿ ತಿದ್ದಿದವಳು: ಉಮ್ಸುನಾಯ್, ಇತಿಹಾಸ ಶಿಕ್ಷಕಿ.' ಅಕ್ಷರ ಕರಿಹಲಗೆಯ ಮೇಲೆ ಬರೆದ ಹಾಗೆ ದುಂಡಗೆ, ಸ್ಪಷ್ಟವಾಗಿ ಬಂತು. ಯಾರೂ ಅದನ್ನು ಅನುಮಾನಿಸುವಂತಿರಲಿಲ್ಲ.